ಕೆರೆ ಕೋಡಿ ಕೆಳಗಿನ ನಾಲ್ಕು ಎಕರೆ: ಆಕ್ಷೇಪಣೆಗೆ ಇನ್ನು 9 ದಿನ ಅಷ್ಟೇ (ಬೆಂಗಳೂರಿನ ಒಂದು ಲೇಔಟ್‌ನವರ ಗ್ರೂಪ್ ಚಾಟ್, ಜುಲೈ 2024)

ಸೈಟ್ 47: ಎಲ್ರಿಗೂ ನಮಸ್ಕಾರ, ಗುಡ್ ಮಾರ್ನಿಂಗ್ ಫೋಟೋ ಎರಡು ದಿನ ನಿಲ್ಸಿ ಇದನ್ನ ಓದಿ ಪ್ಲೀಸ್. ಇಸ್ತ್ರಿ ಬಟ್ಟೆ ಸುತ್ಕೊಂಡು ಬಂದಿದ್ದ ಹೋದ ವಾರದ ಪೇಪರ್‌ನಲ್ಲಿ, ಒಳಗಿನ ಪುಟ, ಟೆಂಡರ್ ನೋಟಿಸ್‌ಗಳ ಮಧ್ಯೆ ಅಂಗೈಯಗಲ ಒಂದು ಪ್ರಕಟಣೆ ಇತ್ತು. ಕೋಡಿ ಕೆಳಗೆ ಹುಣಸೆ ಮರದ ಪಕ್ಕ ಖಾಲಿ ಬಿದ್ದಿದ್ಯಲ್ಲ ನಾಲ್ಕು ಎಕರೆ, ಮಾಸ್ಟರ್ ಪ್ಲಾನ್ 2015ರಲ್ಲಿ (ಊರಲ್ಲಿ ಯಾವ ಜಾಗ ಯಾವುದಕ್ಕೆ ಅಂತ ಬಣ್ಣದಲ್ಲಿ ತೋರ್ಸೋ ಸರ್ಕಾರಿ ನಕ್ಷೆ) ಅದು ಪಾರ್ಕ್ ಮತ್ತು ತೆರೆದ ಜಾಗ ಅಂತ ಹಸಿರು ಬಣ್ಣದಲ್ಲಿದೆ. ಅದನ್ನ ವಸತಿಗೆ ಬದಲಾಯಿಸಿ ಅಂತ ಮಾಲೀಕರು ಕೇಳಿದ್ದಾರೆ, ಯಾರದ್ದಾದ್ರೂ ಆಕ್ಷೇಪಣೆ ಇದ್ರೆ 15 ದಿನದೊಳಗೆ ಬರೆದು ಕೊಡಿ ಅಂತ ನೋಟಿಸ್. ಆರು ದಿನ ಆಗ್ಲೇ ಹೋಯ್ತು.

ಸೈಟ್ 18: ಅಯ್ಯೋ ಅದು ನಿಜವಾಗ್ಲೂ ಪಾರ್ಕಾ?? ಸೈಟ್ ತಗೊಳ್ಳೋವಾಗ ಬ್ರೋಕರ್ ಪಾರ್ಕ್ ಫೇಸಿಂಗ್ ಅಂತ ಚದರಡಿಗೆ ಇನ್ನೂರು ಜಾಸ್ತಿ ಕೇಳಿದ್ದ, ಮುಳ್ಳುಗಿಡ ತೋರ್ಸಿ ಪಾರ್ಕ್ ಅಂತೀಯಲ್ಲಪ್ಪ ಅಂತ ನಾವು ನಕ್ಕಿದ್ವಿ. ಪುಣ್ಯಾತ್ಮ ಅವನೊಬ್ಬ ನಿಜ ಹೇಳಿದ್ದ.

ಸೈಟ್ 83: ಅವರದ್ದು ಡಿಸಿ ಕನ್ವರ್ಷನ್ ಆಗಿದೆಯಂತೆ, ಇನ್ನೇನೂ ಮಾಡೋಕಾಗಲ್ಲ ಅಂತ ನನ್ನ ಭಾವಮೈದ ಹೇಳ್ದ, ಅವನು ರಿಯಲ್ ಎಸ್ಟೇಟಲ್ಲೇ ಇರೋದು

ಸೈಟ್ 30 (ವಕೀಲರು): ಸಾರ್ ಎರಡೂ ಬೇರೆ ಬೇರೆ. ಕನ್ವರ್ಷನ್ ಅಂದ್ರೆ ಕೃಷಿ ಜಮೀನನ್ನ ಬೇರೆ ಬಳಕೆಗೆ ಬಿಡೋದು, ಅದು ಕಂದಾಯ ಕಾಯ್ದೆದು, 95ನೇ ಸೆಕ್ಷನ್. ಇದು 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14-ಎ. ಮಾಸ್ಟರ್ ಪ್ಲಾನ್‌ನಲ್ಲಿ ಬಣ್ಣ ಬದಲಾಗ್ದೆ ಅಲ್ಲಿ ಮನೆ ಪ್ಲಾನ್ ಸ್ಯಾಂಕ್ಷನ್ ಆಗಲ್ಲ, ಅದಕ್ಕೇ ಅವರು ಕೇಳ್ತಿರೋದು, ಎಲ್ಲಾ ಮುಗ್ದಿದ್ರೆ ಪೇಪರ್‌ಗೆ ಯಾಕೆ ಹಾಕ್ತಿದ್ರು ಹೇಳಿ. ಬದಲಾವಣೆ ಸಾರ್ವಜನಿಕ ಹಿತಕ್ಕಾಗಿ ಇರ್ಬೇಕು, ಜನರ ಆಕ್ಷೇಪಣೆಗೆ 15 ದಿನಕ್ಕಿಂತ ಕಡಿಮೆ ಕೊಡೋ ಹಾಗಿಲ್ಲ ಅಂತ ಕಾಯ್ದೇಲೇ ಇದೆ.

ಸೈಟ್ 112: ಒಂದೇ ಲೆಟರ್ ಬರ್ದು ಅಸೋಸಿಯೇಷನ್ ಸೀಲ್ ಹಾಕಿ ಕೊಟ್ರಾಯ್ತಲ್ಲ?

ಸೈಟ್ 30 (ವಕೀಲರು): ಅಸೋಸಿಯೇಷನ್‌ದು ಇರ್ಲಿ, ಜೊತೆಗೆ ಪ್ರತಿ ಮನೆಯಿಂದ ಒಂದೊಂದು ಹೋಗ್ಲಿ. ಕಾಪಿ ಪೇಸ್ಟ್ ಬೇಡ, ನಲವತ್ತು ಪತ್ರದಲ್ಲೂ ಒಂದೇ ಸಾಲಿದ್ರೆ ಒಂದೇ ಅಂತ ಎಣಿಸಿ ಪಕ್ಕಕ್ಕಿಡ್ತಾರೆ. ನಿಮ್ಮನೆಗೆ ಏನಾಗುತ್ತೆ ಅದನ್ನ ಬರೀರಿ.

ಸೈಟ್ 9 (ರಾಯರು): ಒಂದ ಮಾತ ಹೇಳ್ತೇನ್ರಿ, ಸಿಟ್ಟಾಗಬ್ಯಾಡ್ರಿ. ಬೆಳಕು ಹೋಗ್ತದ, ವ್ಯೂ ಹೋಗ್ತದ, ಪಾರ್ಕ್ ಬೇಕು ಅಂತ ಬರದ್ರ ಯಾರೂ ಓದೂದಿಲ್ಲ. ನೀರಿಂದು ಬರೀರಿ. 2022ರ ಸೆಪ್ಟೆಂಬರದಾಗ ನಾ ಧಾರವಾಡದಿಂದ ಮಗನ ಮನಿಗೆ ಬಂದು ಎಂಟು ದಿನಾನೂ ಆಗಿರ್ಲಿಲ್ಲ, ಮುಂಜಾನೆ ಎದ್ದು ಕಾಲ ಕೆಳಗಿಟ್ರ ಮಣಕಾಲ ಮಟ ನೀರು. ಸರ್ಜಾಪುರ ರೋಡಿನಾಗ ಟ್ರ್ಯಾಕ್ಟರಿನಾಗ ಆಫೀಸಿಗೆ ಹೋಗೂ ಹುಡುಗ್ರನ್ನ ದೇಶಾ ಎಲ್ಲಾ ಟಿವಿಯಾಗ ನೋಡ್ತು, ನಮ್ಮ ಪಾರ್ಕಿಂಗಿನಾಗ ಏಡಿ ಓಡ್ಯಾಡೂದು ಯಾರೂ ನೋಡ್ಲಿಲ್ಲ. ಮೊಮ್ಮಗಳು ಬಕೆಟಿನಾಗ ಹಿಡದು ಇಟ್ಟಿದ್ಳು. ಗದ್ದಿ ಏಡಿರೀ ಅದು, ತನ್ನ ಮನಿ ಹುಡಿಕ್ಕೊಂಡು ಬಂದಿತ್ತು.

ಸೈಟ್ 18: ರಾಯರೇ 😂 ನಮ್ಮ ಸಂಪ್ ಆಗ ಮೂರು ಸಲ ತೊಳ್ಸಿದ್ರೂ ವಾಸನೆ ಹೋಗ್ಲಿಲ್ಲ

ಹಾಲಿನ ಬೂತ್: ಸಾರ್ ನಮ್ ತಾತ ಈ ಕೆರೆಗೆ ನೀರುಗಂಟಿ ಆಗಿದ್ರು. ತೂಬು ಯಾವಾಗ ಎತ್ತಬೇಕು ಯಾವ ಗದ್ದೆಗೆ ಎಷ್ಟೊತ್ತು ಬಿಡಬೇಕು ಎಲ್ಲಾ ಅವರದ್ದೇ ಲೆಕ್ಕ. ನೀವೀಗಿರೋ ಲೇಔಟ್ ಪೂರ್ತಿ ಅಚ್ಚುಕಟ್ಟು ಸಾರ್, ಕೆರೆ ನೀರು ಹರಿಯೋ ಗದ್ದೆ, ರಾಗಿ ಅಲ್ಲ ಭತ್ತನೇ ಬೆಳೀತಿದ್ವಿ, ಪಾಯ ಅಗೆಯೋವಾಗ ಕಪ್ಪು ಜೇಡಿ ಬಂದಿರಬೇಕಲ್ಲ. ಕೋಡಿ ಬಿದ್ರೆ ನೀರು ಎರಡು ಕವಲಾಗಿ ಹೋಗ್ತಿತ್ತು. ಒಂದು ಈಗ ನಿಮ್ ಕಾಂಪೌಂಡ್ ಪಕ್ಕ ಇರೋ ಕಾಲುವೆ. ಇನ್ನೊಂದು ಆ ನಾಲ್ಕು ಎಕರೆ ಒಳಗೇ ಇತ್ತು, ಲೋಡುಗಟ್ಲೆ ಮಣ್ಣು ಹಾಕಿ ಮಟ್ಟ ಮಾಡಿದ್ರು, ನಾನು ಆಗ ಹೈಸ್ಕೂಲು.

ಸೈಟ್ 47: ಅಣ್ಣ ಇದನ್ನ ಇಷ್ಟ್ ದಿನ ಯಾಕ್ ಹೇಳ್ಲಿಲ್ಲ

ಹಾಲಿನ ಬೂತ್: ಯಾರೂ ಕೇಳ್ಲಿಲ್ಲ ಸಾರ್. ಹಾಲು ಕೇಳ್ತೀರ, ಮೊಸರು ಕೇಳ್ತೀರ.

ಸೈಟ್ 83: ಫಾರ್ವರ್ಡ್ ಬಂದಿದೆ ನೋಡಿ, ಕೆರೆ ಸುತ್ತ 75 ಮೀಟರ್ ಏನೂ ಕಟ್ಟೋ ಹಾಗಿಲ್ಲ ಎನ್‌ಜಿಟಿ (ಹಸಿರು ನ್ಯಾಯಮಂಡಳಿ) ಆರ್ಡರ್. ಹಾಗಾದ್ರೆ ಅವರ ಅರ್ಧ ಜಾಗ ಹೋಯ್ತು, ನಾವು ಸುಮ್ನಿದ್ರೂ ನಡಿಯುತ್ತೆ

ಸೈಟ್ 30 (ವಕೀಲರು): ದಯವಿಟ್ಟು ಅದನ್ನ ಪತ್ರದಲ್ಲಿ ಬರೀಬೇಡಿ!! ಅದು 2016ರ ಮೇ ಆದೇಶ, 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ 75 ಮೀಟರನ್ನ ತೆಗೆದು ಹಾಕ್ತು. ಈಗ ನಡೀತಿರೋದು ಮಾಸ್ಟರ್ ಪ್ಲಾನ್ 2015ರ ಲೆಕ್ಕ, 2031ರ ಕರಡು ಬಂದು ವಾಪಸ್ಸೂ ಹೋಯ್ತಲ್ಲ. ಬಫರ್ ಅಂದ್ರೆ ಏನೂ ಕಟ್ಟಬಾರದ ಜಾಗ, ಕೆರೆಗೆ ಕಂದಾಯ ದಾಖಲೆಯ ಗಡಿಯಿಂದ 30 ಮೀಟರ್. ಕಾಲುವೆಗೆ ಮಧ್ಯದಿಂದ ಅಳೀಬೇಕು, ಪ್ರೈಮರಿ ಅಂದ್ರೆ ದೊಡ್ಡದಕ್ಕೆ 50, ಸೆಕೆಂಡರಿ ಮಧ್ಯಮದ್ದಕ್ಕೆ 25, ಟರ್ಷಿಯರಿ ಚಿಕ್ಕದಕ್ಕೆ 15. ತಪ್ಪು ನಂಬರ್ ಒಂದು ಬರೆದ್ರೆ ಉಳಿದಿದ್ದನ್ನೂ ಓದಲ್ಲ.

ಸೈಟ್ 61: ಒಂದ್ ನಿಮಿಷ. ಕಾಲುವೆ ಮಧ್ಯದಿಂದ 15 ಅಂದ್ರೆ ಎರಡೂ ಕಡೆನಾ?

ಸೈಟ್ 30 (ವಕೀಲರು): ಹೌದು ಸಾರ್, ಎರಡೂ ಕಡೆ.

ಸೈಟ್ 61: ಹಾಗಾದ್ರೆ ಈ ಕಡೆ 15 ಮೀಟರ್ ನಮ್ಮ ಅಡುಗೆಮನೆಗೇ ಬರುತ್ತೆ. ಈಗಷ್ಟೇ ಮಗನ ಜೊತೆ ಟೇಪ್ ಹಿಡಿದು ನೋಡ್ದೆ, ಗ್ಯಾಸ್ ಕಟ್ಟೆ ಹತ್ರ ಮುಗೀತು. ನಾನು ಸಾಲ ಮಾಡಿ ಕಟ್ಟಿರೋ ಮನೆ ಇದು, ಇಎಂಐ ಇನ್ನೂ ಒಂಬತ್ತು ವರ್ಷ ಇದೆ. ಬಫರ್ ಬಫರ್ ಅಂತ ನಾವೇ ಅರ್ಜಿ ಕೊಟ್ಟು ಸರ್ವೆಯವರನ್ನ ಕರ್ಸಿದ್ರೆ ಮೊದ್ಲು ಜೆಸಿಬಿ ನಿಲ್ಲೋದು ನಮ್ಮನೆ ಮುಂದೆ. 2016 ಆಗಸ್ಟ್‌ನಲ್ಲಿ ರಾಜಕಾಲುವೆ ತೆರವು ಅಂತ ಮನೆ ಕೆಡವಿದ್ದು ಎಲ್ರೂ ಟಿವೀಲಿ ನೋಡಿದೀವಿ. ನಿಮ್ದೆಲ್ಲ ಒಳಗಿನ ಸೈಟು, ನಿಮಗೇನು ಹೇಳಿ. ನನ್ನ ಹೆಸ್ರು ಬಿಟ್ಬಿಡಿ.

ಸೈಟ್ 112: 61 ಸಾರ್ ಹೇಳೋದು ಸರೀನೇ ಇದೆ, ನಾವೇ ಚಪ್ಪಡಿ ಎಳ್ಕೊಂಡ ಹಾಗೆ ಆಗುತ್ತೆ. ನಂದೂ ಕಾರ್ ರ‍್ಯಾಂಪ್ ಕಾಲುವೆ ಮೇಲೇ ಇದೆ

ಸೈಟ್ 18: ಗೊತ್ತಿತ್ತು ಬಿಡಿ, ಪ್ರತಿ ಮಳೆಗೂ ಕಸ ಸಿಕ್ಕಾಕೊಳ್ಳೋದು ಅಲ್ಲೇ

ಸೈಟ್ 30 (ವಕೀಲರು): 61 ಸಾರ್, ನಿಮಗೆ ಏನೂ ಆಗಲ್ಲ ಅಂತ ನಾನು ಸುಳ್ಳು ಧೈರ್ಯ ಹೇಳಲ್ಲ. ಆದ್ರೆ ಇದು ಸರ್ವೆ ಮಾಡಿ ಅನ್ನೋ ಅರ್ಜಿ ಅಲ್ಲ, ಆ ಜಾಗದ ಬಣ್ಣ ಬದಲಾಯಿಸ್ಬೇಡಿ ಅನ್ನೋ ಪತ್ರ. ಇನ್ನೊಂದು ವಿಷ್ಯ, ಅಕ್ಕಪಕ್ಕದವರಿಗೆ ಕೇಳೋ ಹಕ್ಕಿದೆಯಾ ಅಂತ ಯಾರೋ ಫೋನ್‌ನಲ್ಲಿ ಕೇಳಿದ್ರು. ರಾಜಮಹಲ್ ವಿಲಾಸ್ ಎಕ್ಸ್‌ಟೆನ್ಷನ್‌ನಲ್ಲಿ ಪಾರ್ಕಿಗೆ ಬಿಟ್ಟಿದ್ದ ಜಾಗ ಖಾಸಗಿ ನರ್ಸಿಂಗ್ ಹೋಮಿಗೆ ಹೋಗಿದ್ದಾಗ ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಹೋದ್ರು, 1991ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಗೆದ್ರು, ಮುದ್ದಪ್ಪ ಕೇಸ್ ಅಂತಾರೆ. ಅದು ಬಡಾವಣೆ ಪಾರ್ಕು, ಇದು ಖಾಸಗಿ ಜಮೀನು, ವ್ಯತ್ಯಾಸ ಇದೆ. ಆದ್ರೆ ನಿಮಗೇನ್ರೀ ಸಂಬಂಧ ಅಂತ ನಮ್ಮನ್ನ ವಾಪಸ್ ಕಳ್ಸೋ ಹಾಗಿಲ್ಲ.

ಸೈಟ್ 47: ನಾನು ಮಾರ್ಚ್ ತಿಂಗಳದ್ದು ಬರೀತಿದೀನಿ. ನಮ್ಮ ಎರಡೂ ಬೋರ್ ಕೈಕೊಟ್ಟಾಗ ಟ್ಯಾಂಕರ್ ನೀರು 12,000 ಲೀಟರಿಗೆ 5 ಕಿಲೋಮೀಟರ್ ಒಳಗೆ 1,000 ರೂಪಾಯಿ ಅಂತ ಜಿಲ್ಲಾಡಳಿತ ದರ ಕಟ್ಟಿತ್ತು, ಆ ರೇಟಿಗೆ ನಮ್ಮ ಗೇಟಿಗೆ ಒಬ್ನೂ ಬರ್ಲಿಲ್ಲ, ರಾತ್ರಿ ಎರಡಕ್ಕೆ ಅಲಾರಂ ಇಟ್ಟು ಎದ್ದು ಪೈಪ್ ಹಿಡ್ಕೊಂಡಿದ್ದೇ ಬಂತು. ಕಾವೇರಿ 5ನೇ ಹಂತ 110 ಹಳ್ಳಿಗೆ 775 ಎಂಎಲ್‌ಡಿ (ದಿನಕ್ಕೆ 77.5 ಕೋಟಿ ಲೀಟರ್) ಅಂತಾರೆ, ಬರ್ಲಿ ಸಂತೋಷ. ಬರೋ ತನಕ ಬೋರೇ ಗತಿ, ಕೋಡಿ ನೀರು ನಿಂತು ಇಂಗೋದು ಆ ನಾಲ್ಕು ಎಕರೇಲಿ ಮಾತ್ರ, ಮಿಕ್ಕಿದ್ದೆಲ್ಲ ನಾವು ಸಿಮೆಂಟ್ ಹಾಕಿ ಮುಚ್ಚಿದೀವಿ, ನನ್ನ ಮನೆ ಮುಂದಿನ ಟೈಲ್ಸ್ ಸೇರ್ಸಿ.

ಸೈಟ್ 83: ಧರ್ಮಾಂಬುಧಿ ಕೆರೆ ಮೇಲೆ ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಕಟ್ಟಿದ ಊರು ಇದು ಸಾರ್, ನಮ್ಮ ನಾಲ್ಕು ಎಕರೆ ಯಾವ ಲೆಕ್ಕ

ಸೈಟ್ 9 (ರಾಯರು): ಅದು ಆಗಿ ಹೋತು. ಇದಕ್ಕ ಇನ್ನೂ ಒಂಬತ್ತ ದಿನಾ ಅದಾವ. ನೀವು ಸೈನ್ ಮಾಡ್ತೀರೋ ಇಲ್ಲೋ ಅಷ್ಟ ಹೇಳ್ರಿ.

ಸೈಟ್ 83: ಮಾಡ್ತೀನಿ ರಾಯರೇ. ಭಾವಮೈದಂಗೆ ಮಾತ್ರ ಹೇಳ್ಬೇಡಿ

(ಮೂರು ದಿನ ಆದ್ಮೇಲೆ)

ಸೈಟ್ 61: ಎಲ್ರಿಗೂ. ಅವತ್ತು ಸ್ವಲ್ಪ ಜೋರಾಗಿ ಮಾತಾಡ್ದೆ, ಬೇಜಾರ್ ಮಾಡ್ಕೋಬೇಡಿ. ನಿದ್ದೆ ಬರ್ಲಿಲ್ಲ ಅಂತ ಬೆಳಿಗ್ಗೆ ಎದ್ದು ಹಾಲಿನ ಬೂತ್ ಅಣ್ಣನ್ನ ಕರ್ಕೊಂಡು ಸರ್ವೆ ಆಫೀಸಿಗೆ ಹೋಗಿ ಗ್ರಾಮ ನಕ್ಷೆ ನಕಲು ತಗೊಂಡು ಬಂದೆ. ಅವರ ತಾತ ಹೇಳ್ತಿದ್ದ ಎರಡನೇ ಕವಲು ನಕ್ಷೇಲಿ ಇದೆ. ಕೋಡಿಯಿಂದ ಹೊರಟು ನೋಟಿಸ್‌ನಲ್ಲಿರೋ ಸರ್ವೆ ನಂಬರ್ ಮಧ್ಯದಲ್ಲೇ ಹೋಗುತ್ತೆ, ನಿಂತ ಜಾಗದ ಸರ್ವೆ ನಂಬರ್ ತೋರ್ಸೋ ದಿಶಾಂಕ್ ಆ್ಯಪ್ ಆನ್ ಮಾಡ್ಕೊಂಡು ಅಲ್ಲೇ ಹೋಗಿ ನಿಂತು ನೋಡಿದ್ವಿ, ಅದೇ ನಂಬರ್. ನೆಲದ ಮೇಲೆ ಏನೂ ಗುರುತಿಲ್ಲ, ಲಂಟಾನ ಬೆಳ್ದಿದೆ. ಆ ನೀರು ಅಲ್ಲಿ ಹೋಗೋಕಾಗ್ದೆ ಎಲ್ಲಾ ಒಂದೇ ಕಾಲುವೆಗೆ ನುಗ್ಗಿ ನಮ್ಮ ಅಡುಗೆಮನೆಗೆ ಬರ್ತಿರೋದು. ನಾನು ಕಾಲುವೆ ಚಿಕ್ಕದು ಅಂತ ಇಷ್ಟು ವರ್ಷ ಬೈಕೊಂಡಿದ್ದೆ.

ಸೈಟ್ 30 (ವಕೀಲರು): ಸಾರ್!! ಇದೇ ಬೇಕಿದ್ದಿದ್ದು. ನಕ್ಷೆ ಪ್ರತಿ ಎಲ್ಲಾ ಪತ್ರಕ್ಕೂ ಲಗತ್ತಿಸಿ. ಪಹಣೀಲಿ ಬಿ ಖರಾಬು (ಕಾಲುವೆ, ದಾರಿ ಥರ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಎಷ್ಟು ಗುಂಟೆ ತೋರ್ಸಿದಾರೆ ನೋಡಿ ಅದನ್ನೂ ಸೇರ್ಸಿ. ಹೋಗೋವಾಗ ಎರಡೆರಡು ಕಾಪಿ, ಒಂದರ ಮೇಲೆ ಸ್ವೀಕೃತಿ ಸೀಲು ತಾರೀಖು ಹಾಕಿಸ್ಕೊಳ್ದೆ ಕೌಂಟರ್ ಬಿಟ್ಟು ಬರಬೇಡಿ.

ಸೈಟ್ 61: ನಲವತ್ತು ಜೆರಾಕ್ಸ್ ಮಾಡ್ಸಿ ಹಾಲಿನ ಬೂತ್‌ನಲ್ಲಿ ಇಟ್ಟಿದೀನಿ, ಸಂಜೆ ಏಳರೊಳಗೆ ತಗೊಳ್ಳಿ. ನನ್ನ ಪತ್ರ ರೆಡಿ ಇದೆ. ಸೈಟ್ ನಂಬರ್ ಹಾಕಿದೀನಿ, ಟೇಪ್ ಹಿಡಿದು ಅಳ್ದಿದ್ದೂ ಬರ್ದಿದೀನಿ. ನಾಳೆ ಹತ್ತೂವರೆಗೆ ಗೇಟ್ ಹತ್ರ.

ಸೈಟ್ 112: ನಾನು ಕಾರ್ ತರ್ತೀನಿ, ನಾಲ್ಕು ಜನ ಬರ್ಬೋದು. ರ‍್ಯಾಂಪ್ ವಿಷ್ಯ ಆಮೇಲೆ ಮಾತಾಡೋಣ

ಸೈಟ್ 18: ಮಾತಾಡೇ ಮಾತಾಡ್ತೀವಿ 😄

ಸೈಟ್ 9 (ರಾಯರು): ನನಗೊಂದು ಸೀಟ್ ಹಿಡೀರಿ. ಏಡಿ ಫೋಟೋ ಪ್ರಿಂಟ್ ಹಾಕಸಿ ಇಟ್ಟೇನಿ.