ಸ್ಕ್ರೀನ್ ಎತ್ತಿದರೆ ಎಡಗಡೆ ಮೂಲೆ ಬಾಯಿ ಬಿಡ್ತಿದೆ: ಹೋಗಿರೋದು ಹಿಂಜಾ, ಬಾಡೀನಾ?

ವಿಜಯನಗರ_ವಿದ್ಯಾ

15.6 ಇಂಚಿನ ಪ್ಲಾಸ್ಟಿಕ್ ಬಾಡಿ ಲ್ಯಾಪ್‌ಟಾಪ್, ವಾರಂಟಿ ಮುಗಿದಿದೆ. ಸ್ಕ್ರೀನ್ ಎತ್ತುವಾಗ ಎಡಗಡೆ ಹಿಂಜ್ (ಸ್ಕ್ರೀನ್ ತಿರುಗೋ ಕೀಲು) ಹತ್ತಿರ ಕಟಕ್ ಅಂತ ಸದ್ದು ಬಂದು, ಕೀಬೋರ್ಡ್ ಇರೋ ಪ್ಯಾನೆಲ್‌ಗೂ ತಳಕ್ಕೂ ಮಧ್ಯೆ 3-4 ಮಿ.ಮೀ. ಸಂದು ಬೀಳುತ್ತೆ. ಮುಚ್ಚಿದರೆ ಸಂದು ಕೂಡಿಕೊಳ್ಳುತ್ತೆ. ಅಲ್ಲಾಡಿಸಿದರೆ ಒಳಗೆ ಏನೋ ಚಿಕ್ಕದು ಗಲಗಲ ಅನ್ನುತ್ತೆ. ಚಿತ್ರ ಸದ್ಯಕ್ಕೆ ಸರಿಯಾಗೇ ಬರ್ತಿದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡ್‌ನಲ್ಲಿ ಮೂರು ಅಂಗಡಿಯಲ್ಲಿ ಮೂರು ಮಾತು. ಒಬ್ಬರು ಹಿಂಜ್ ಜೋಡಿ ಬದಲಿಸಿದರೆ ಸಾಕು ಅಂದರು, ಇನ್ನೊಬ್ಬರು ಫ್ಯಾಬ್ರಿಕೇಶನ್ (ಮುರಿದ ಪ್ಲಾಸ್ಟಿಕ್ಕನ್ನೇ ಅಂಟು ಹಾಕಿ ಕಟ್ಟೋದು) ಮಾಡಿಕೊಡ್ತೀವಿ ಅಂದರು, ಮತ್ತೊಬ್ಬರು ಪೂರ್ತಿ ಬಾಡಿ ಬದಲಿಸಬೇಕು ಅಂದರು. ಮನೆಯಲ್ಲೇ ಅರಾಲ್ಡೈಟ್ (ಎರಡು ಟ್ಯೂಬ್ ಕಲಸಿ ಹಾಕೋ ಎಪಾಕ್ಸಿ ಅಂಟು) ಹಾಕಿ ಕೂರಿಸಬಹುದಾ? ದಿನಾ ಬಸ್ಸಲ್ಲಿ ಬ್ಯಾಗಿಗೆ ಹಾಕ್ಕೊಂಡು ಓಡಾಡೋ ಲ್ಯಾಪ್‌ಟಾಪ್ ಇದು.

ತಿರುಪುಮೊಳೆ

ಮೇಡಂ, ರಿಪೇರಿ ವಿಷಯ ಆಮೇಲೆ ನೋಡೋಣ. ಇವತ್ತಿಂದಲೇ ತೆರೆದು ಮುಚ್ಚೋದು ನಿಲ್ಲಿಸಿ. ಸ್ಕ್ರೀನ್ ತೆರೆದಿದ್ದರೆ ಹಾಗೇ ಟೇಬಲ್ ಮೇಲೆ ಇರಲಿ. ಮುಚ್ಚಿದ್ದರೆ ಎಚ್‌ಡಿಎಂಐ ಕೇಬಲ್‌ನಲ್ಲಿ ಟಿವಿಗೋ ಮಾನಿಟರ್‌ಗೋ ಹಾಕಿ ಕೆಲಸ ಮಾಡಿ, ಮುಖ್ಯವಾದ ಫೈಲ್‌ಗಳನ್ನ ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. ಈ ಹಂತದಲ್ಲಿ ಆಗಿರೋ ನಷ್ಟ ಪ್ಲಾಸ್ಟಿಕ್ಕಿಗೆ ಮಾತ್ರ. ಡಿಸ್‌ಪ್ಲೇ ಕೇಬಲ್ ಹಿಂಜ್ ಪಕ್ಕದಲ್ಲೇ ಹಾದು ಹೋಗುತ್ತೆ. ಬಾಗಿದ ಹಿಂಜ್ ಅದನ್ನ ಅರೆಯೋಕೆ ಶುರು ಮಾಡಿದರೆ ಕೇಬಲ್ ಒಳಗೇ ಶಾರ್ಟ್ ಆಗಿ, ಮದರ್‌ಬೋರ್ಡ್ ಮೇಲಿರೋ ಬ್ಯಾಕ್‌ಲೈಟ್ (ಸ್ಕ್ರೀನಿನ ಬೆಳಕು) ಫ್ಯೂಸ್ ಹಾರಬಹುದು. ಅಲ್ಲಿಗೆ ಪ್ಲಾಸ್ಟಿಕ್ ಕೆಲಸ ಬೋರ್ಡ್ ಕೆಲಸ ಆಗಿಬಿಡುತ್ತೆ.

ನೀವು ಹೇಳಿದ ಲಕ್ಷಣ ನೋಡಿದರೆ ಹಿಂಜ್‌ನ ಲೋಹ ಮುರಿದಿಲ್ಲ. ಹಿಂಜ್ ಬಿಗಿಯಾಗಿದೆ, ಅದು ಕೂತಿರೋ ಬುಡ ಕಿತ್ತು ಬಂದಿದೆ. ಹಿಂಜ್‌ನ ಕಬ್ಬಿಣದ ಪಟ್ಟಿಯನ್ನ ಮೂರೋ ನಾಲ್ಕೋ ಸ್ಕ್ರೂ ಹಿಡಿದಿರುತ್ತವೆ. ಆ ಸ್ಕ್ರೂಗಳು ಕೂರೋದು ಪ್ಲಾಸ್ಟಿಕ್ ಕಂಬದೊಳಗೆ ಹೂತಿರೋ ಹಿತ್ತಾಳೆ ನಟ್‌ಗಳಲ್ಲಿ. ಕಾಲ ಕಳೆದ ಹಾಗೆ ಹಿಂಜ್ ಒಳಗಿನ ಗ್ರೀಸ್ ಒಣಗಿ, ಸವೆದ ಲೋಹದ ಪುಡಿ ಸೇರಿ, ತಿರುಗೋದು ಗಡುಸಾಗುತ್ತೆ. 15.6 ಇಂಚಿನ ಸ್ಕ್ರೀನ್ ಭಾಗ ಹೆಚ್ಚುಕಮ್ಮಿ 23 ಸೆಂ.ಮೀ. ಎತ್ತರ, ಪಟ್ಟಿಯ ಬುಡ 2-3 ಸೆಂ.ಮೀ. ಮೇಲಂಚಿನಲ್ಲಿ ನೀವು 1 ಕೆ.ಜಿ. ಬಲ ಹಾಕಿದರೆ ಬುಡದ ನಟ್‌ಗಳ ಮೇಲೆ ಅದರ ಏಳೆಂಟು ಪಟ್ಟೋ ಹತ್ತು ಪಟ್ಟೋ ಬೀಳುತ್ತೆ. ಹಿಂಜ್ ತಿರುಗದಿದ್ದರೆ ಆ ಬಲ ನಟ್ ಕೀಳದೆ ಬಿಡಲ್ಲ. ಗಲಗಲ ಅನ್ನೋದು ಕಿತ್ತು ಬಂದ ನಟ್ಟೋ ಕಂಬದ ಚೂರೋ ಇರಬೇಕು. ನಟ್ ಆಗಿದ್ದರೆ ಅದು ಲೋಹ, ಬೋರ್ಡ್ ಮೇಲೆ ಓಡಾಡಬಾರದು. ಬೇಗ ಬಿಚ್ಚಿಸಿ.

ಒಂದು ಪರೀಕ್ಷೆ ತಪ್ಪಿಸಬೇಡಿ. ಬ್ಯಾಟರಿ ಊದಿಕೊಂಡಾಗಲೂ ಬಾಡಿ ಬಾಯಿ ಬಿಡುತ್ತೆ. ಲ್ಯಾಪ್‌ಟಾಪನ್ನ ಸಪಾಟಾದ ಗಾಜು ಅಥವಾ ಗ್ರಾನೈಟ್ ಮೇಲಿಟ್ಟು ನೋಡಿ. ಟಚ್‌ಪ್ಯಾಡ್ ಉಬ್ಬಿದ್ದರೆ, ಅದರ ಕ್ಲಿಕ್ ಗಟ್ಟಿಯಾಗಿದ್ದರೆ, ತಳದ ಮಧ್ಯ ಉಬ್ಬಿ ಲ್ಯಾಪ್‌ಟಾಪ್ ತೊಟ್ಟಿಲಾಡಿದರೆ, ಮುಚ್ಚಿದಾಗಲೂ ಸಂದು ಹಾಗೇ ಇದ್ದರೆ ಅದು ಬ್ಯಾಟರಿ. ಚಾರ್ಜ್‌ಗೆ ಹಾಕಬೇಡಿ, ಒತ್ತಿ ಕೂರಿಸೋಕೆ ಹೋಗಬೇಡಿ, ಮೊದಲು ಬ್ಯಾಟರಿ ತೆಗೆಸಿ. ನಿಮ್ಮದರಲ್ಲಿ ಸಂದು ಹಿಂಜ್ ಮೂಲೆಯಲ್ಲೇ ಬಿದ್ದು ಮುಚ್ಚಿದರೆ ಕೂಡಿಕೊಳ್ತಿದೆ, ಹಾಗಾಗಿ ಹಿಂಜ್ ಕಡೆಯೇ ನನ್ನ ಅನುಮಾನ.

ಬೆಂಚ್_ಬಸವನಗುಡಿ

ತಿರುಪುಮೊಳೆ ಹೇಳಿದ್ದೇ ಇಡೀ ವಿಷಯದ ಬೇರು. ಹಿಂಜ್ ಸಡಿಲ ಮಾಡದೆ ಬರೀ ಅಂಟು ಹಾಕಿದರೆ ಅದೇ ಜಾಗ ಮತ್ತೆ ಕಿತ್ತುಬರುತ್ತೆ. ಫ್ಯಾಬ್ರಿಕೇಶನ್ ನಿಲ್ಲಲ್ಲ ಅನ್ನೋ ದೂರು ಹುಟ್ಟೋದೇ ಇಲ್ಲಿ.

ಮನೆಯಲ್ಲಿ ಮಾಡೋದಾದರೆ ಪಿಎಚ್0 ಸ್ಕ್ರೂಡ್ರೈವರ್, ಹಳೇ ಎಟಿಎಂ ಕಾರ್ಡೋ ಗಿಟಾರ್ ಪಿಕ್ಕೋ, 120 ನಂಬರ್ ಸ್ಯಾಂಡ್‌ಪೇಪರ್, ಮೆಡಿಕಲ್ ಸ್ಟೋರ್‌ನಲ್ಲಿ ಸಿಗೋ ಐಸೊಪ್ರೊಪೈಲ್ ಆಲ್ಕೊಹಾಲ್, ನಿಧಾನವಾಗಿ ಗಟ್ಟಿಯಾಗೋ ಅರಾಲ್ಡೈಟ್ ಸ್ಟ್ಯಾಂಡರ್ಡ್, ಸ್ವಲ್ಪ ವ್ಯಾಸಲೀನ್ ಬೇಕು. ಉಗುರುಬಣ್ಣ ತೆಗೆಯೋ ಅಸಿಟೋನ್ ಬೇಡ, ಪ್ಲಾಸ್ಟಿಕ್ ಕರಗುತ್ತೆ. 5 ನಿಮಿಷದಲ್ಲಿ ಗಟ್ಟಿಯಾಗೋ ಎಪಾಕ್ಸಿಯೂ ಬೇಡ, ಬಲ ಕಡಿಮೆ, ನಟ್‌ಗಳನ್ನ ಸರಿಯಾಗಿ ಹೊಂದಿಸೋಕೆ ಸಮಯವೂ ಸಿಗಲ್ಲ. ಫೆವಿಕ್ವಿಕ್ ಮೇಲೆ ಅಡುಗೆಸೋಡ ಉದುರಿಸೋ ವಿಡಿಯೋಗಳು ತುಂಬಾ ಓಡಾಡ್ತಿವೆ. ಅದು ಕಲ್ಲಿನ ಹಾಗೆ ಗಟ್ಟಿಯಾಗುತ್ತೆ, ಆದರೆ ಒಂದು ಅಂಚಿಂದ ಎಳೆತ ಬಿದ್ದಾಗ ಚಕ್ ಅಂತ ಸೀಳುತ್ತೆ. ಅದರ ಆವಿ ಸುತ್ತಲಿನ ಪ್ಲಾಸ್ಟಿಕ್ ಮೇಲೆ ಬಿಳಿ ಪೊರೆ ಕೂರಿಸುತ್ತೆ.

ಪೂರ್ತಿ ಪವರ್ ಆಫ್ ಮಾಡಿ, ಚಾರ್ಜರ್ ತೆಗೆದು ತಳದ ಸ್ಕ್ರೂ ಬಿಚ್ಚಿ. ರಬ್ಬರ್ ಪಾದದ ಕೆಳಗೂ ಸ್ಕ್ರೂ ಅಡಗಿರಬಹುದು. ಬಿಚ್ಚಿದ ಸ್ಕ್ರೂಗಳನ್ನ ಒಂದು ಹಾಳೆ ಮೇಲೆ ಲ್ಯಾಪ್‌ಟಾಪ್ ಚಿತ್ರ ಬರೆದು ಆಯಾ ಜಾಗದಲ್ಲೇ ಟೇಪ್ ಹಾಕಿ ಅಂಟಿಸಿ. ಇದು ಅತಿಯಾಯ್ತು ಅನ್ನಿಸಬಹುದು, ಆದರೆ ಉದ್ದದ ಸ್ಕ್ರೂ ತಪ್ಪಿ ಗಿಡ್ಡದರ ಜಾಗಕ್ಕೆ ಹೋದರೆ ಕೀಬೋರ್ಡ್ ಪಕ್ಕದಲ್ಲಿ ಬಿಳಿ ಚುಕ್ಕೆಯೊಂದು ಉಬ್ಬುತ್ತೆ, ಇನ್ನೊಂದು ಸುತ್ತು ತಿರುಗಿಸಿದರೆ ಅಲ್ಲೇ ತೂತು. ಒಳಗೆ ಹೋದ ತಕ್ಷಣ ಬ್ಯಾಟರಿ ಕನೆಕ್ಟರ್ ಬಿಡಿಸಿ, ಆಮೇಲೆ ಮಿಕ್ಕ ಕೆಲಸ.

ಕಿತ್ತ ನಟ್‌ಗಳನ್ನೆಲ್ಲ ಹುಡುಕಿ ತೆಗೆದು, ಹಿಂಜ್ ಪಟ್ಟಿಯನ್ನ ಹೊರಗೆ ತನ್ನಿ. ತಿರುಗೋ ಕಡ್ಡಿಯ ತುದಿಯಲ್ಲಿ ಚಿಕ್ಕ ನಟ್, ಅದರ ಹಿಂದೆ ಬಟ್ಟಲಾಕಾರದ ಸ್ಪ್ರಿಂಗ್ ವಾಷರ್‌ಗಳು ಸಾಲಾಗಿ ಕಂಡರೆ ಅದೃಷ್ಟ. ಆ ನಟ್ ಅನ್ನು ಒಂದು ಸಲಕ್ಕೆ ಎಂಟನೇ ಒಂದು ಸುತ್ತು ಮಾತ್ರ ಸಡಿಲಿಸಿ, ಬಲಗಡೆ ಹಿಂಜ್‌ಗೂ ಅಷ್ಟೇ. ಪೂರ್ತಿ ಬಿಚ್ಚಬೇಡಿ, ವಾಷರ್‌ಗಳ ಕ್ರಮ ತಪ್ಪಿದರೆ ಹಿಡಿತವೇ ಹೋಗುತ್ತೆ. ನಟ್ ಕಾಣಿಸದೆ, ತಗಡನ್ನ ಕಡ್ಡಿಗೆ ಸುತ್ತಿದ ಹಾಗಿದ್ದರೆ ಅದನ್ನ ಹೊಂದಿಸೋಕೆ ಆಗಲ್ಲ. ಬಿಗಿಯಾಗಿದ್ದರೆ ಹೊಸ ಜೋಡಿ ತನ್ನಿ. ಡಬ್ಲ್ಯೂಡಿ-40 ಸಿಂಪಡಿಸೋದು ಬೇಡ: ಉಳಿದಿರೋ ಗ್ರೀಸನ್ನೂ ತೊಳೆದುಬಿಡುತ್ತೆ, ಹರಿದು ಡಿಸ್‌ಪ್ಲೇ ಒಳಗೂ ಸೇರಬಹುದು. ಟೂತ್‌ಪಿಕ್ ತುದಿಯಲ್ಲಿ ಒಂದು ಚೂರು ಸಿಲಿಕೋನ್ ಗ್ರೀಸ್ ಸಾಕು.

ಇನ್ನು ಅಂಟಿನ ಕೆಲಸ. ಮುರಿದ ಕಂಬದ ಚೂರುಗಳನ್ನ ಕೆರೆದು ತೆಗೆದು, ನಯವಾದ ಪ್ಲಾಸ್ಟಿಕ್ಕನ್ನ ಬೂದು ಬಣ್ಣಕ್ಕೆ ತಿರುಗುವಷ್ಟು ಉಜ್ಜಿ. ಹೊಳಪು ಉಳಿದ ಕಡೆ ಎಪಾಕ್ಸಿ ಹಿಡಿಯಲ್ಲ, ಹಪ್ಪಳದ ಹಾಗೆ ಏಳುತ್ತೆ. ಆಲ್ಕೊಹಾಲ್‌ನಲ್ಲಿ ಒರೆಸಿ ಒಣಗಿಸಿ, ಆಮೇಲೆ ಬೆರಳು ತಾಗಿಸಬೇಡಿ. ನಟ್‌ಗಳನ್ನ ಅವುಗಳ ಸ್ಕ್ರೂಗೇ ಪೂರ್ತಿ ತಿರುಗಿಸಿ ಹಿಂಜ್ ಪಟ್ಟಿಗೆ ಕಟ್ಟಿ. ಪಟ್ಟಿಯೇ ಅಳತೆಗೋಲು, ಕಣ್ಣಂದಾಜಿನಲ್ಲಿ ನಟ್ ಕೂರಿಸಿದರೆ ಅರ್ಧ ಮಿ.ಮೀ. ಆಚೀಚೆಯಾಗಿ ಸ್ಕ್ರೂ ಹೊಂದಲ್ಲ. ಸ್ಕ್ರೂ ತುದಿಗೂ ಪಟ್ಟಿಯ ತಳಕ್ಕೂ ತೆಳ್ಳಗೆ ವ್ಯಾಸಲೀನ್ ಸವರಿ, ಇಲ್ಲದಿದ್ದರೆ ಪಟ್ಟಿಯೂ ಶಾಶ್ವತವಾಗಿ ಅಂಟಿಕೊಳ್ಳುತ್ತೆ. ಹಿತ್ತಾಳೆ ನಟ್‌ನ ಹೊರಮೈಗೆ ಮಾತ್ರ ವ್ಯಾಸಲೀನ್ ತಾಗಬಾರದು. ಎರಡೂ ಟ್ಯೂಬಿಂದ ಸಮ ಅಳತೆ ಹಿಂಡಿ, ಎರಡು ನಿಮಿಷ ಚೆನ್ನಾಗಿ ಕಲಸಿ, ನಟ್ ಸುತ್ತ ತುಂಬಿ ಹರಡಿ. ಗೋಡೆ, ಪಕ್ಕದ ಪ್ಲಾಸ್ಟಿಕ್ ಏಣುಗಳವರೆಗೂ ಹರಡಿದಷ್ಟು ಹಿಡಿತ. ಮಧ್ಯೆ ಸ್ಟೀಲ್ ಜಾಲರಿಯ ಒಂದು ತುಂಡು ಹುದುಗಿಸಿದರೆ ಇನ್ನೂ ಗಟ್ಟಿ, ಆದರೆ ಅದರ ಅಂಚು ಬೋರ್ಡ್‌ಗೆ ತಾಗದ ಹಾಗೆ ಕತ್ತರಿಸಿ.

ಸ್ಕ್ರೀನಿನ ಭಾರ ಪಟ್ಟಿ ಮೇಲೆ ಬೀಳದ ಹಾಗೆ ಇಟ್ಟು 24 ಗಂಟೆ ಬಿಡಿ. ಡಿಸೆಂಬರ್-ಜನವರಿಯ ಚಳಿಯಲ್ಲಿ ಎಪಾಕ್ಸಿ ನಿಧಾನ, ಆಗ 48 ಗಂಟೆ ಕೊಡಿ. ಮೇಲೆ ಉಗುರಿಂದ ಒತ್ತಿದಾಗ ಗುರುತು ಬೀಳ್ತಿದ್ದರೆ ಇನ್ನೂ ಆಗಿಲ್ಲ ಅಂತಲೇ ಅರ್ಥ.

ಪ್ಯಾನೆಲ್_ಪೇಟೆ

ಬಸವನಗುಡಿಯವರ ವಿಧಾನ ಟೇಬಲ್ ಮೇಲಿರೋ ಲ್ಯಾಪ್‌ಟಾಪ್‌ಗೆ ಸರಿ. ದಿನಾ ಬ್ಯಾಗಿಗೆ ಹೋಗೋದಕ್ಕೆ ಬರೀ ಅಂಟನ್ನ ನಾನು ನಂಬಲ್ಲ. ಎರಡು ದಾರಿ ಇವೆ.

ಒಂದು, ಆರಪಾರ ಬೋಲ್ಟ್. ಕಂಬ ಇದ್ದ ಜಾಗದಲ್ಲಿ 2.7 ಮಿ.ಮೀ. ತೂತು ಕೊರೆದು ಎಂ2.5 ಬೋಲ್ಟ್ ಹೊರಗಿಂದ ಹಾಕಿ, ಪ್ಲಾಸ್ಟಿಕ್ ಕಡೆ 6 ಮಿ.ಮೀ. ಅಗಲದ ವಾಷರ್, ಒಳಗೆ ಪಟ್ಟಿಯ ಮೇಲೆ ನಟ್. ಜಾಗ ಇದ್ದರೆ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರೋ, ತಾನಾಗೇ ಸಡಿಲವಾಗದ ನಟ್). ಹೊರಗೆ ಬೋಲ್ಟ್ ತಲೆ ಕಾಣುತ್ತೆ, ಅಂದಕ್ಕೆ ಕುಂದು. ಆದರೆ ಇಲ್ಲಿ ಹೊರೆ ಹೊರೋದು ಪ್ಲಾಸ್ಟಿಕ್ಕಿನ ಪೂರ್ತಿ ದಪ್ಪ, ಅಂಟಲ್ಲ. ಕೊರೆಯೋ ಮೊದಲು ಮದರ್‌ಬೋರ್ಡ್, ಫ್ಯಾನ್ ಹೊರಗಿರಲಿ. ಪುಡಿಯನ್ನ ಬ್ರಷ್‌ನಲ್ಲಿ ಪೂರ್ತಿ ತೆಗೆಯಿರಿ. ಸ್ಕ್ರೀನ್ ಕಡೆಯ ಬುಡ ಕಿತ್ತಿದ್ದರೆ ಇದನ್ನ ಯೋಚಿಸಿ ಮಾಡಿ, ನಟ್ ಡಿಸ್‌ಪ್ಲೇ ಗಾಜಿನ ಹಿಂಬದಿಗೆ ಒತ್ತಿದರೆ ಅಲ್ಲೇ ಬಿರುಕು.

ಎರಡು, ಪ್ಯಾನೆಲ್ ಬದಲಾವಣೆ. ಪೂರ್ತಿ ಬಾಡಿ ಅಂತ ಒಪ್ಪಿಕೊಳ್ಳಬೇಡಿ. ಅಂಗಡಿ ಭಾಷೆಯಲ್ಲಿ ಸ್ಕ್ರೀನ್ ಹಿಂಬದಿ ಎ, ಸ್ಕ್ರೀನ್ ಸುತ್ತಲಿನ ಚೌಕಟ್ಟು ಬಿ, ಕೀಬೋರ್ಡ್ ಇರೋದು ಸಿ, ತಳ ಡಿ. ನಿಮ್ಮದು ಸಿ ಅಥವಾ ಡಿ. ಸ್ಕ್ರೂ ಹಿಡಿಯೋ ನಟ್ ಯಾವ ಪ್ಯಾನೆಲ್‌ನಲ್ಲಿದೆಯೋ ಅದೊಂದೇ ಸಾಕು. ಬಹಳ ಮಾಡೆಲ್‌ಗಳಲ್ಲಿ ನಟ್ ಸಿ ಪ್ಯಾನೆಲ್‌ನಲ್ಲಿರುತ್ತೆ, ಕೀಬೋರ್ಡನ್ನೂ ಅದಕ್ಕೇ ಪ್ಲಾಸ್ಟಿಕ್ ರಿವೆಟ್‌ನಲ್ಲಿ ಕರಗಿಸಿ ಕೂರಿಸಿರ್ತಾರೆ. ಅಂಥದ್ದರಲ್ಲಿ ಕೀಬೋರ್ಡ್ ಸಮೇತ ಬರೋ ಸಿ ಪ್ಯಾನೆಲ್ಲೇ ಕೇಳಿ, ದುಬಾರಿಯಾದರೂ. ಹೆಸರಿಗಿಂತ ಪಾರ್ಟ್ ನಂಬರ್ ಮುಖ್ಯ: ಲೆನೊವೊದಲ್ಲಿ ಎಫ್‌ಆರ್‌ಯು, ಡೆಲ್‌ನಲ್ಲಿ ಡಿಪಿ/ಎನ್, ಎಚ್‌ಪಿಯಲ್ಲಿ ಸ್ಪೇರ್ ಪಾರ್ಟ್ ನಂಬರ್. ಈ ಮೂರೂ ಕಂಪನಿಗಳ ಸರ್ವಿಸ್ ಮ್ಯಾನ್ಯುಯಲ್ ಅವರ ಸೈಟಿನಲ್ಲೇ ಉಚಿತವಾಗಿ ಸಿಗುತ್ತೆ, ಬಿಚ್ಚೋ ಕ್ರಮವೂ ಅದರಲ್ಲಿದೆ.

ಅಂಗಡಿಗೆ ಕೊಡೋದಾದರೆ "ಹಿಂಜ್ ಟೈಟ್ ಕಮ್ಮಿ ಮಾಡ್ತೀರಾ, ಏನು ಅಂಟು ಹಾಕ್ತೀರಾ, ಎಷ್ಟು ಹೊತ್ತು ಒಣಗಿಸ್ತೀರಾ?" ಅಂತ ಕೇಳಿ. ಒಂದು ಗಂಟೇಲಿ ಕೊಡ್ತೀವಿ ಅಂದರೆ ಅದು ಫೆವಿಕ್ವಿಕ್ ಅಥವಾ 5 ನಿಮಿಷದ ಎಪಾಕ್ಸಿ, ಬೇರೆ ಕಡೆ ನೋಡಿ. ರಾತ್ರಿ ಬಿಟ್ಟು ಬರೋದಾದರೆ ಎಸ್‌ಎಸ್‌ಡಿ (ನಿಮ್ಮ ಫೈಲ್‌ಗಳಿರೋ ಡ್ರೈವ್) ತೆಗೆದು ಮನೆಗೆ ತನ್ನಿ, ಈ ಕೆಲಸಕ್ಕೆ ಅದು ಬೇಕಾಗಲ್ಲ. ರ‍್ಯಾಮ್‌ನ ಫೋಟೋ ತೆಗೆದಿಟ್ಟುಕೊಳ್ಳಿ, ಬದಲಾದರೆ ಗೊತ್ತಾಗಲಿ. ಭಾನುವಾರ ಎಸ್.ಪಿ. ರೋಡ್‌ನಲ್ಲಿ ಬಹುತೇಕ ಬಾಗಿಲು ಹಾಕಿರುತ್ತೆ, ವಾರದ ದಿನ ಬೆಳಿಗ್ಗೆ ಹೋದರೆ ಕೂತು ಮಾತಾಡೋಕೆ ಅವರಿಗೂ ಪುರುಸೊತ್ತಿರುತ್ತೆ.

ಆಂಟೆನಾ

ಚಿಕ್ಕ ಸೇರ್ಪಡೆ. ವೈಫೈ ಆಂಟೆನಾ ತಂತಿಗಳೂ ಹಿಂಜ್ ಸಂದಿಯಲ್ಲೇ ಸ್ಕ್ರೀನಿಗೆ ಏರುತ್ತವೆ. ರೂಟರ್ ಪಕ್ಕದಲ್ಲೂ ಸಿಗ್ನಲ್ ಕಮ್ಮಿಯಾಗಿದ್ದರೆ ತಂತಿ ಜಜ್ಜಿರಬಹುದು. ಚಿತ್ರ ಸ್ಕ್ರೀನಿನ ಕೋನ ಬದಲಿಸಿದಾಗ ಮಿನುಗಿ, ಹೊರಗಿನ ಮಾನಿಟರ್‌ನಲ್ಲಿ ಸರಿ ಬಂದರೆ ಡಿಸ್‌ಪ್ಲೇ ಕೇಬಲ್ ಕಡೆ ನೋಡಿ. ಮತ್ತೆ ಜೋಡಿಸುವಾಗ ಇವೆಲ್ಲವೂ ಅವುಗಳ ಕೊಕ್ಕೆಯೊಳಗೇ ಹೋಗಲಿ.

ವಿಜಯನಗರ_ವಿದ್ಯಾ

ಎಲ್ಲರಿಗೂ ಥ್ಯಾಂಕ್ಸ್. ಬ್ಯಾಟರಿ ಸಪಾಟಾಗೇ ಇದೆ. ತಳ ಬಿಚ್ಚಿ ನೋಡಿದೆ: ಎಡಗಡೆ ಮೂರರಲ್ಲಿ ಎರಡು ನಟ್ ಸಿ ಪ್ಯಾನೆಲ್‌ನಿಂದ ಕಿತ್ತಿವೆ, ಆ ಎರಡರಲ್ಲಿ ಒಂದರ ಕಂಬ ಪೂರ್ತಿ ಇದೆ, ಇನ್ನೊಂದರದು ಸೀಳಿದೆ. ಹಿಂಜ್ ತುದಿಯಲ್ಲಿ ನಟ್ ಇದೆ. ಎಷ್ಟು ಸಡಿಲ ಮಾಡಿದರೆ ಸಾಕು ಅಂತ ಗೊತ್ತಾಗೋದು ಹೇಗೆ? ಸ್ಕ್ರೂಗೆ ಲಾಕ್‌ಟೈಟ್ (ಸ್ಕ್ರೂ ಸಡಿಲವಾಗದ ಹಾಗೆ ಹಿಡಿಯೋ ದ್ರವ) ಹಾಕಬೇಕಾ?

ಬೆಂಚ್_ಬಸವನಗುಡಿ

ಪೂರ್ತಿ ಇರೋ ಕಂಬಕ್ಕೆ ನಟ್ ವಾಪಸ್ ಒತ್ತಿ, ಸುತ್ತ ಅರಾಲ್ಡೈಟ್. ಸೀಳಿದ್ದಕ್ಕೆ ಪ್ಯಾನೆಲ್_ಪೇಟೆಯವರ ಬೋಲ್ಟ್ ಹಾಕಿ. ಒಂದು ಬೋಲ್ಟ್ ಹೊರೆ ಹೊತ್ತರೆ ಅಂಟಿಗೂ ಉಸಿರಾಡೋಕೆ ಜಾಗ. ಬ್ಯಾಗಿನ ಓಡಾಟದ ವಿಷಯದಲ್ಲಿ ಅವರ ಮಾತು ನಾನೂ ಒಪ್ತೀನಿ.

ಹಿಡಿತ ನೋಡೋಕೆ: ಪಟ್ಟಿಗಳು ಸ್ಕ್ರೀನಿಗೆ ಕಟ್ಟಿರಲಿ, ಬುಡ ಬಿಡಿಯಾಗಿರಲಿ. ಸ್ಕ್ರೀನನ್ನ ಬಟ್ಟೆ ಮೇಲೆ ಮಲಗಿಸಿ, ಎರಡೂ ಬುಡಗಳನ್ನ ಒಂದೊಂದಾಗಿ ಪ್ಲೈಯರ್‌ನಲ್ಲಿ ಹಿಡಿದು ತಿರುಗಿಸಿ. ಎಡ, ಬಲ ಎರಡೂ ಒಂದೇ ಥರ ಜಗ್ಗಬೇಕು. ಒಂದು ಬಿಗಿ ಒಂದು ಸಡಿಲ ಇದ್ದರೆ ಸ್ಕ್ರೀನ್ ತಿರುಚಿಕೊಳ್ಳುತ್ತೆ, ಬಿಗಿಯಾದ ಕಡೆ ಮತ್ತೆ ಕೀಳುತ್ತೆ. ಜೋಡಿಸಿದ ಮೇಲೆ ಸ್ಕ್ರೀನ್ ಯಾವ ಕೋನದಲ್ಲಿ ಬಿಟ್ಟರೂ ತಾನಾಗೇ ಬೀಳದೆ ನಿಂತರೆ ಸಾಕು. ಟೈಪ್ ಮಾಡುವಾಗ ತುಸು ಅಲ್ಲಾಡಿದರೂ ಪರವಾಗಿಲ್ಲ, ಗಟ್ಟಿ ನಿಲ್ಲಲಿ ಅಂತ ಮತ್ತೆ ಬಿಗಿ ಮಾಡಬೇಡಿ.

ಲಾಕ್‌ಟೈಟ್ ಬೇಡ. ಲೋಹದ ಬಾಡಿಗೆ ನೀಲಿ ಲಾಕ್‌ಟೈಟ್ ಒಳ್ಳೇದೇ, ಆದರೆ ಅದು ಸೋರಿ ಪ್ಲಾಸ್ಟಿಕ್‌ಗೆ ತಾಗಿದರೆ ಲ್ಯಾಪ್‌ಟಾಪ್ ಬಾಡಿಯ ಪ್ಲಾಸ್ಟಿಕ್‌ಗಳಾದ ಎಬಿಎಸ್, ಪಾಲಿಕಾರ್ಬೊನೇಟ್ ಎರಡೂ ಕೂದಲೆಳೆಯಂತೆ ಬಿರುಕು ಬಿಡುತ್ತವೆ. ಹಿಂಜನ್ನ 90 ಡಿಗ್ರಿಗೆ ತೆರೆದಿಟ್ಟು ಮೂರೂ ಸ್ಕ್ರೂಗಳನ್ನ ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿ ಮಾಡಿ, ಕೂತ ಮೇಲೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಇನ್ನು ಮೇಲೆ ಸ್ಕ್ರೀನ್ ಎತ್ತುವಾಗ ಮೂಲೆ ಹಿಡಿಯದೆ ಮೇಲಂಚಿನ ಮಧ್ಯ, ಕ್ಯಾಮೆರಾ ಹತ್ತಿರ ಹಿಡಿದು ಎತ್ತಿ.