ಮೆತ್ತನೆ ಮೈಯ ಬೀಟಲ್‌ಗೆ ಕನ್ನಡದಲ್ಲಿ ಏನನ್ನೋಣ? (ನಾಳೆ ಸಂಜೆಯೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಶಾಲೆಯೊಂದಕ್ಕೆ, ಮುಂದಿನ ರೆಕ್ಕೆ ಚಿಪ್ಪಿನಂತಿರುವ ಹುಳಗಳಾದ ಬೀಟಲ್‌ಗಳ ಚಾರ್ಟ್ ಮಾಡುತ್ತಿದ್ದೇನೆ, ನಾಳೆ ಸಂಜೆ ಪ್ರೆಸ್ಸಿಗೆ ಕೊಡಬೇಕು. ಒಂದು ಹೆಸರಿನ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ: ಯೂರಿಪೋಗಾನ್. ಅಮೆರಿಕ, ಜಪಾನ್ ಕಡೆ ಸಿಗುವ ಪುಟ್ಟ ಬೀಟಲ್, ಆರ್ಟೆಮಟೊಪೊಡಿಡೆ ಅನ್ನುವ ಸಣ್ಣ ಕುಟುಂಬದ್ದು, ಆ ಕುಟುಂಬಕ್ಕೆ ಇಂಗ್ಲಿಷಿನವರು ಸಾಫ್ಟ್ ಬಾಡೀಡ್ ಪ್ಲಾಂಟ್ ಬೀಟಲ್ ಅನ್ನುತ್ತಾರೆ. ಬೆಳೆದವು ಎಲೆ ಮೇಲೆ ಕೂರುತ್ತವೆ, ಮರಿಗಳು ಹಾವಸೆಯೊಳಗೆ ಇರುತ್ತವೆ. ಮೊದಲು ನಾನು 'ಮೃದ್ವಂಗಿ ಸಸ್ಯಕೀಟ' ಅಂತ ಬರೆದಿದ್ದೆ. ಮೃದ್ವಂಗಿ ಅಂದರೆ ಮಕ್ಕಳಿಗೆ ಬಸವನಹುಳ ಅಲ್ವಾ! ಹೊಡೆದು ಹಾಕಿದೆ. 'ಮೆದುಮೈ ಜೀರುಂಡೆ' ಆಗಬಹುದಾ? ಇಲ್ಲಾ ದುಂಬಿ ಅನ್ನಲಾ?

ಸಕಲೇಶಪುರದಿಂದ:
ಜೀರುಂಡೆ ಬೇಡವೇ ಬೇಡ. ಮಲೆನಾಡಲ್ಲಿ ಜೀರುಂಡೆ ಅಂದರೆ ಮರಕ್ಕೆ ಕಚ್ಚಿಕೊಂಡು ಜೀರ್ ಅಂತ ಕೂಗುವುದು, ಹೆಸರೇ ಆ ಸದ್ದಿಂದ ಬಂದದ್ದು. ನಿಮ್ಮ ಹುಳ ಕೂಗುತ್ತದಾ? ದುಂಬಿಯೂ ಸಲ್ಲ. ಪಂಪ ಬನವಾಸಿಯಲ್ಲಿ ಮರಿದುಂಬಿಯಾಗಿ ಹುಟ್ಟಬೇಕು ಅಂದಾಗ ಅವನ ಮನಸ್ಸಲ್ಲಿ ಇದ್ದದ್ದು ಹೂವಿಗೆ ಎರಗುವ ದುಂಬಿ, ಬೀಟಲ್ ಅಲ್ಲ. ಯೂರಿಪೋಗಾನ್ ಅಂದರೆ ಗ್ರೀಕಲ್ಲಿ ಅಗಲ ಗಡ್ಡ. 'ಅಗಲಗಡ್ಡ' ಅಂತ ಬರೆಯಿರಿ. ಅಚ್ಚಗನ್ನಡ. ಮುಗಿಯಿತು.

ಅರಸೀಕೆರೆಯಿಂದ:
ಏನು ಸ್ವಾಮಿ, ಮಕ್ಕಳ ಚಾರ್ಟಿಗೆ ಗಡ್ಡ ಅಂಟಿಸುತ್ತೀರಾ? ಯೂರಿಪೋಗಾನ್ ಇಡೀ ಜಗತ್ತಿಗೆ ಒಂದೇ ಹೆಸರು, ಅದನ್ನು ಮುಟ್ಟಬೇಡಿ. ಉಳಿದದ್ದಕ್ಕೆ ರೈತರ ಮಾತು ಕೇಳಿ. ನಮ್ಮ ತೆಂಗಿಗೆ ಬೀಳುವುದು ಕೆಂಪು ಮೂತಿಹುಳ, ಬೇರು ತಿನ್ನುವುದು ಗೊಣ್ಣೆಹುಳ, ಮಳೆಗೆ ಮುಂಚೆ ಮಿನುಗುವುದು ಮಿಂಚುಹುಳ. ಗೊಣ್ಣೆಹುಳ ಮರಿ ಅನ್ನುವುದು ಬಿಟ್ಟರೆ ಮೂರೂ ಬೀಟಲ್ಲೇ. ಹುಳ ಅಂದರೆ ಸಾಕು. ನಿಮ್ಮ ಕಾಫಿ ತೋಟದ ಬೋರರ್ ಕೂಡ ಬೀಟಲ್ಲೇ, ಅದನ್ನೇನು ದುಂಬಿ ಅನ್ನುತ್ತೀರಾ?

ಸಕಲೇಶಪುರದಿಂದ:
ಕಾಂಡಕೊರಕ ಅನ್ನುವ ಒಳ್ಳೆ ಪದ ಇರುವಾಗ ಬೋರರ್ ಯಾಕೆ? ಇದೇ ರೋಗ ನಮ್ಮದು.

ಅರಸೀಕೆರೆಯಿಂದ:
ಮೊದಲು ಕಾಫಿಗೆ ಅಚ್ಚಗನ್ನಡ ಪದ ಕೊಡಿ. ಬೋರರ್ ಆಮೇಲೆ ನೋಡೋಣ.

ಚಿಕ್ಕಮಗಳೂರಿನಿಂದ:
ಇಬ್ಬರಿಗೂ ಥ್ಯಾಂಕ್ಸ್. 'ಮೆದುಮೈ ಗಿಡಹುಳ', ಕೆಳಗೆ ಸಣ್ಣಕ್ಷರದಲ್ಲಿ ಯೂರಿಪೋಗಾನ್, ಹೀಗೆ ಹಾಕುತ್ತಿದ್ದೇನೆ. ಚಾರ್ಟಿನ ತಲೆಯ ಮೇಲೆ ಮಾತ್ರ ದಪ್ಪಕ್ಷರದಲ್ಲಿ 'ಜೀರುಂಡೆಗಳು' ಅಂತ ಇದೆ. ಹೆಡ್‌ಮಾಸ್ಟರ್ ಒಪ್ಪಿ ಸಹಿ ಹಾಕಿದ್ದಾರೆ, ಅದನ್ನು ಬದಲಿಸಲು ಆಗಲ್ಲ. ಸಕಲೇಶಪುರದವರು ದಯವಿಟ್ಟು ಮತ್ತೆ ಶುರು ಮಾಡಬೇಡಿ.