ಹಿತ್ತಲಲ್ಲಿ ಗುಂಡಿ ತೋಡಲು ಜಾಗ ಕೇಳಿದ್ದಾರೆ, ಒಪ್ಪಿಕೊಳ್ಳಬಹುದಾ?

ಹೊಸಮನೆಯವ:

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಬೆಂಗಳೂರಿನಿಂದ ಬಂದು ಇಂಗ್ಲೆಂಡಿನ ಕೇಂಬ್ರಿಡ್ಜ್ ಹತ್ತಿರದ ಒಂದು ಹಳ್ಳಿಯಲ್ಲಿ ಮನೆ ತಗೊಂಡಿದ್ದೇವೆ. ಮೊನ್ನೆ ಬಾಗಿಲ ಸಂದಿಯಿಂದ ಒಂದು ಚೀಟಿ ಬಿದ್ದಿತ್ತು. ಊರಿನ ಇತಿಹಾಸ ಸಂಘದವರದ್ದು. ಒಂದು ಶನಿವಾರ, ಭಾನುವಾರ ಊರ ತುಂಬ ಟೆಸ್ಟ್ ಪಿಟ್, ಅಂದರೆ ಹಳೇ ಕಾಲದ ಕುರುಹು ಹುಡುಕುವ ಸಣ್ಣ ಗುಂಡಿಗಳನ್ನು ತೋಡುತ್ತಾರಂತೆ. ನಮ್ಮ ಹಿತ್ತಲಲ್ಲೂ ಒಂದು ಮೀಟರ್ ಜಾಗ ಕೊಡಿ ಎಂದು ಕೇಳಿದ್ದಾರೆ.

ಮನೆ 1930ರ ಆಸುಪಾಸಿನದು. ಇಲ್ಲಿ ಏನು ತಾನೇ ಸಿಗುತ್ತದೆ? ಹುಲ್ಲು ಹಾಕಿಸಿ ಎರಡು ತಿಂಗಳೂ ಆಗಿಲ್ಲ. ಏನಾದರೂ ಸಿಕ್ಕಿದರೆ ಸರ್ಕಾರದವರು ಬಂದು ಜಾಗ ಕಿತ್ತುಕೊಳ್ಳುತ್ತಾರೆ ಎಂದು ಮನೆಯವಳಿಗೆ ಭಯ. ಮತ್ತೆ, ನೆಲದೊಳಗಿರುವುದನ್ನು ತೋರಿಸುವ ಜಿಯೋಫಿಸಿಕ್ಸ್ ಯಂತ್ರಗಳಿವೆ ಅಂತಾರಲ್ಲ. ಅದನ್ನೇ ತಂದು ನೋಡಬಹುದಲ್ವಾ, ಅಗೆಯುವುದು ಯಾಕೆ?

ಮದ್ದೂರಿನ ಸುಮಾ:

ಸುಮ್ನೆ ಒಪ್ಪಿಕೊಳ್ಳಿ. ನಾನು ಈ ಕಡೆ ಬಂದು ಹದಿನಾಲ್ಕು ವರ್ಷವಾಯಿತು, ಇಂಥ ಒಂಬತ್ತು ಗುಂಡಿಗಳಲ್ಲಿ ಮಂಡಿಯೂರಿ ಕೂತಿದ್ದೇನೆ. ಮೊದಲನೆಯದು ನಮ್ಮ ಹಿತ್ತಲಲ್ಲೇ.

ಹುಲ್ಲಿನ ಚಿಂತೆ ಬೇಡ. ಮೊದಲು ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ ಅಳೆದು ದಾರ ಕಟ್ಟುತ್ತಾರೆ. ಹುಲ್ಲನ್ನು ಬೇರು, ಮಣ್ಣಿನ ಸಮೇತ ಚೌಕ ಚೌಕವಾಗಿ ಎಬ್ಬಿಸಿ, ಅದೇ ಸಾಲಿನಲ್ಲಿ ಪ್ಲಾಸ್ಟಿಕ್ ಹಾಳೆ ಮೇಲೆ ಜೋಡಿಸುತ್ತಾರೆ. ಆಮೇಲೆ ಮಣ್ಣನ್ನು ಹತ್ತು ಹತ್ತು ಸೆಂಟಿಮೀಟರ್ ಪದರವಾಗಿ ತೆಗೆಯುತ್ತಾರೆ. ಇದೇ ಮುಖ್ಯ. ಒಂದು ಪದರ ಪೂರ್ತಿ ಮುಗಿಯದೆ ಕೆಳಗಿನದಕ್ಕೆ ಕೈ ಹಾಕುವ ಹಾಗಿಲ್ಲ. ತೆಗೆದ ಮಣ್ಣೆಲ್ಲ ಜರಡಿಗೆ. ಪ್ರತಿ ಪದರಕ್ಕೂ ಬೇರೆ ಚೀಲ, ಚೀಲದ ಮೇಲೆ ಪದರದ ನಂಬರು. ನಂಬರು ಬರೆಯುವುದು ಮರೆತರೆ ಆ ಚೀಲದಲ್ಲಿರುವುದು ಬರೀ ಕಸ. ಎರಡನೇ ಪಿಟ್‌ನಲ್ಲಿ ನಾನು ಅದನ್ನೇ ಮಾಡಿ ಸರಿಯಾಗಿ ಬೈಸಿಕೊಂಡಿದ್ದೇನೆ.

ಮನುಷ್ಯ ಮುಟ್ಟದ ಮಣ್ಣು ಬಂದ ಕೂಡಲೇ ನಿಲ್ಲಿಸುತ್ತಾರೆ. ಅದು ಬರದಿದ್ದರೂ 1.2 ಮೀಟರ್‌ಗಿಂತ ಆಳ ಹೋಗುವುದಿಲ್ಲ, ಬದಿ ಕುಸಿಯುವ ಅಪಾಯ. ಭಾನುವಾರ ಸಂಜೆ ಮಣ್ಣು ತುಂಬಿ, ತುಳಿದು, ಹುಲ್ಲು ಹಾಸಿ ಹೋಗುತ್ತಾರೆ. ಒಂದು ತಿಂಗಳು ನೀರು ಹಾಕಿ, ಸಾಕು. ನಮ್ಮ ಹಿತ್ತಲಲ್ಲಿ ಈಗ ಆ ಜಾಗ ಎಲ್ಲಿತ್ತೆಂದು ನನಗೇ ಗೊತ್ತಾಗುವುದಿಲ್ಲ. ಕರೆಂಟು, ಗ್ಯಾಸು, ನೀರಿನ ಲೈನು ಎಲ್ಲಿದೆ ಎಂದು ಮಾತ್ರ ಮೊದಲೇ ತೋರಿಸಿ.

ಜಾಗ ಯಾರೂ ಕಿತ್ತುಕೊಳ್ಳುವುದಿಲ್ಲ. ಇಲ್ಲಿ ಸಿಕ್ಕಿದ್ದು ಸಾಮಾನ್ಯವಾಗಿ ಜಾಗದ ಒಡೆಯರದ್ದೇ. ಹಳೆಯ ಚಿನ್ನ, ಬೆಳ್ಳಿಯಂಥದ್ದು ಸಿಕ್ಕಿದರೆ 1996ರ ಟ್ರೆಷರ್ ಆಕ್ಟ್ ಪ್ರಕಾರ ಹದಿನಾಲ್ಕು ದಿನದೊಳಗೆ ತಿಳಿಸಬೇಕು. ನಿಮಗೆ ಸಿಗುವುದಿಲ್ಲ ಬಿಡಿ. ನನಗೆ ಒಂಬತ್ತು ಗುಂಡಿಯಲ್ಲಿ ಸಿಕ್ಕ ಅತಿ ಬೆಲೆಬಾಳುವ ವಸ್ತು ಅರ್ಧ ಪೆನ್ನಿ.

ಯಂತ್ರದ ಪ್ರಶ್ನೆ ಚೆನ್ನಾಗಿದೆ. ಮ್ಯಾಗ್ನೆಟೋಮೀಟರ್ ನೆಲದ ಕಾಂತಶಕ್ತಿಯಲ್ಲಿನ ಸಣ್ಣ ಏರುಪೇರನ್ನು ಅಳೆಯುತ್ತದೆ. ಸುಟ್ಟ ಮಣ್ಣು, ಹಳೇ ಒಲೆ, ಮುಚ್ಚಿಹೋದ ಹಳ್ಳ ಅದಕ್ಕೆ ಗೊತ್ತಾಗುತ್ತವೆ. ಆದರೆ ಮನೆ ಹಿತ್ತಲಲ್ಲಿ ಅದಕ್ಕೆ ತಲೆ ಕೆಡುತ್ತದೆ. ಬೇಲಿಯ ತಂತಿ, ಪಕ್ಕದ ಮನೆ ಕಾರು, ಹೂತ ಪೈಪು, ಮೊಳೆ, ಎಲ್ಲ ಕಬ್ಬಿಣವೂ ಕಿರುಚುತ್ತದೆ. ಅದನ್ನು ಹಿಡಿದು ನಡೆಯುವವರ ಮೈಮೇಲೂ ಕಬ್ಬಿಣ ಇರಬಾರದು. ನಾನು ಬೆಲ್ಟು, ಕೀ, ಫೋನು ಎಲ್ಲ ಬಿಚ್ಚಿಟ್ಟು ನಡೆದೆ, ಆದರೂ ಗೆರೆ ಗೆರೆಯಾಗಿ ತಪ್ಪು ಬರುತ್ತಿತ್ತು. ತಾಳಿ ಇರಬಹುದಾ ಎಂದು ತಂಡದವರು ಸಂಕೋಚದಿಂದ ಕೇಳಿದರು. ಚಿನ್ನ ಅದಕ್ಕೆ ತಗಲುವುದಿಲ್ಲ. ತಾಳಿ ಸರಕ್ಕೆ ಸಿಕ್ಕಿಸಿಕೊಂಡಿದ್ದ ಮೂರು ಪಿನ್ನು! ನಮ್ಮಮ್ಮ ಕಲಿಸಿದ ಅಭ್ಯಾಸ. ಬೆಳಗಿನ ಅರ್ಧ ಕೆಲಸ ಮತ್ತೆ ಮಾಡಬೇಕಾಯಿತು.

ರೆಸಿಸ್ಟಿವಿಟಿ ಎಂಬ ಇನ್ನೊಂದಿದೆ. ನೆಲಕ್ಕೆ ಎರಡು ಸರಳು ಚುಚ್ಚಿ ಸಣ್ಣ ಕರೆಂಟು ಹರಿಸುವುದು. ಕಲ್ಲುಗೋಡೆ ಇದ್ದ ಕಡೆ ತಡೆ ಜಾಸ್ತಿ, ತೇವ ಹಿಡಿದ ಹಳೇ ಕಾಲುವೆ ಇದ್ದ ಕಡೆ ಕಡಿಮೆ. ಇನ್ನೆರಡು ಸರಳನ್ನು ದೂರದಲ್ಲಿ ನೆಟ್ಟು ವೈರು ಎಳೆಯಬೇಕು. ಮೊದಲಿನ ಎರಡು ಸರಳಿನ ನಡುವೆ ಅರ್ಧ ಮೀಟರ್ ಇದ್ದರೆ ದೂರದವು ಹದಿನೈದು ಮೀಟರ್ ಆಚೆ ಇರಬೇಕು. ನಿಮ್ಮ ಹಿತ್ತಲಲ್ಲಿ ಜಾಗ ಎಲ್ಲಿಂದ ಬರಬೇಕು? ಚರ್ಚ್ ಪಕ್ಕದ ಕುದುರೆ ಮೇಯುವ ಬಯಲು, ಊರಿನ ಮೈದಾನ, ಇಂಥ ಕಡೆ ಅದು ಸರಿ.

ಇನ್ನೊಂದು ಮಾತು. ಯಂತ್ರ ಆಕಾರ ತೋರಿಸುತ್ತದೆ, ಕಾಲ ಹೇಳುವುದಿಲ್ಲ. ತೆರೆ ಮೇಲೆ ಒಂದು ಚೌಕ ಕಂಡರೆ ಅದು ಸಾವಿರ ವರ್ಷದ ಮನೆಯೂ ಆಗಬಹುದು, 1950ರ ಕೋಳಿಗೂಡೂ ಆಗಬಹುದು. ಕಾಲ ಹೇಳುವುದು ಮಡಕೆ ಚೂರು.

ಕೋಡ್ ಬರೆಯುವವನು:

ಆದರೆ ಒಂದು ಮೀಟರ್ ಗುಂಡಿಯಿಂದ ಏನು ತಿಳಿಯುತ್ತದೆ ಮೇಡಂ? ನಮ್ಮ ಪಕ್ಕದ ಮನೆಯಲ್ಲಿ ತೋಡಿದ್ದರು. ಒಡೆದ ನೀಲಿ ತಟ್ಟೆ, ಮಣ್ಣಿನ ಹೊಗೆ ಕೊಳವೆಯ ತುಂಡು, ಒಂದು ಪ್ಲಾಸ್ಟಿಕ್ ಸೈನಿಕ. ಅಷ್ಟೇ. ವಾರಾಂತ್ಯ ಕಳೆಯಲು ಸರಿ, ವಿಜ್ಞಾನ ಅನ್ನಲು ಆಗಲ್ಲ.

ಮದ್ದೂರಿನ ಸುಮಾ:

ಒಂದು ಗುಂಡಿಯಿಂದ ಏನೂ ತಿಳಿಯುವುದಿಲ್ಲ, ಒಪ್ಪುತ್ತೇನೆ. ನನ್ನ ಮೊದಲ ಗುಂಡಿಯೂ ಹಾಗೇ ಇತ್ತು. ಮೇಲಿನ ನಾಲ್ಕು ಪದರದಲ್ಲಿ ಕಲ್ಲಿದ್ದಲು, ಗಾಜು, ತಟ್ಟೆ. ಐದನೆಯದರಲ್ಲಿ ಎರಡೇ ಎರಡು ಕಂದು ಚೂರು. ಕುಂಟೆಬಿಲ್ಲೆಗೆ ಆರಿಸಿಕೊಳ್ಳುತ್ತಿದ್ದೆವಲ್ಲ, ಆ ಗಾತ್ರ. ಚಿಪ್ಪಿನ ಪುಡಿ ಬೆರೆಸಿ ಮಾಡಿದ ಮಡಕೆ, ಸೇಂಟ್ ನಿಯೋಟ್ಸ್ ವೇರ್ ಎನ್ನುತ್ತಾರೆ, ಸಾವಿರ ವರ್ಷದ ಹಿಂದಿನದು. ನಾನು ಕುಣಿದಾಡಿಬಿಟ್ಟೆ. ನಮ್ಮ ಹಿತ್ತಲಲ್ಲಿ ಆಗ ಮನೆ ಇತ್ತು ಅಂತ!

ಮಡಕೆ ನೋಡಲು ಬಂದಿದ್ದ ತಜ್ಞೆ ತಣ್ಣೀರೆರಚಿದರು. ಚೂರಿನ ಅಂಚು ಸವೆದು ದುಂಡಗಾಗಿದೆ, ಇರುವುದೂ ಎರಡೇ. ಇದು ಹೊಲಕ್ಕೆ ಗೊಬ್ಬರದ ಜೊತೆ ಬಂದದ್ದು, ಉಳುಮೆಗೆ ಸಿಕ್ಕಿ ಸವೆದಿದೆ ಎಂದರು. ಒಂದು ಕ್ಷಣ ಪೆಚ್ಚಾದೆ. ಆಮೇಲೆ ನಗು ಬಂತು. ನಮ್ಮೂರಲ್ಲಿ ಅಡುಗೆಮನೆ ಕಸ, ಬೂದಿ, ಒಡೆದ ಕುಡಿಕೆ ಎಲ್ಲ ಹೋಗುತ್ತಿದ್ದದ್ದು ತಿಪ್ಪೆಗೆ ತಾನೇ? ಅಲ್ಲಿಂದ ಗಾಡಿಯಲ್ಲಿ ಗದ್ದೆಗೆ. ನಮ್ಮಜ್ಜಿ ಗದ್ದೆಯಲ್ಲೂ ಕಾಲಿಗೆ ಚುಚ್ಚುತ್ತಿತ್ತು. ಮೂರು ಮನೆ ಆಚೆ, ರಸ್ತೆ ತಿರುವಿನ ಗುಂಡಿಯಲ್ಲಿ ಅದೇ ಬಗೆಯ ಚೂರು ಇಪ್ಪತ್ತಕ್ಕೂ ಜಾಸ್ತಿ ಸಿಕ್ಕಿತು, ಅಂಚು ಚೂಪು. ಮನೆ ಇದ್ದದ್ದು ಅಲ್ಲಿ. ನಮ್ಮದು ಅವರ ಹೊಲ. ಎರಡು ಗುಂಡಿ ಸೇರಿದ್ದಕ್ಕೆ ಇಷ್ಟು ಗೊತ್ತಾಯಿತು.

ಹೀಗೆ ಸಾವಿರಾರು ಸೇರಿದರೆ? ಕ್ಯಾರೆನ್ಜಾ ಲೂಯಿಸ್ ಎಂಬ ಪುರಾತತ್ವಜ್ಞೆ 2005ರಿಂದ ಶಾಲೆ ಮಕ್ಕಳು, ಊರಿನವರ ಕೈಯಲ್ಲಿ ಇದನ್ನೇ ಮಾಡಿಸುತ್ತ ಬಂದರು. ಪೂರ್ವ ಇಂಗ್ಲೆಂಡಿನ 55 ಊರುಗಳ ಸುಮಾರು 2000 ಗುಂಡಿಗಳ ಲೆಕ್ಕವನ್ನು 2016ರಲ್ಲಿ ಪ್ರಕಟಿಸಿದರು. 1348-49ರಲ್ಲಿ ಬ್ಲ್ಯಾಕ್ ಡೆತ್ ಎಂಬ ಪ್ಲೇಗ್ ಬಂತಲ್ಲ, ಅದಕ್ಕೆ ಮೊದಲಿನ ಕಾಲಕ್ಕೆ ಹೋಲಿಸಿದರೆ ಆಮೇಲಿನ ಶತಮಾನಗಳ ಮಡಕೆ ಸರಾಸರಿ ಶೇಕಡ 45ರಷ್ಟು ಕಡಿಮೆ. ಕೆಲವು ಊರುಗಳಲ್ಲಿ ಇನ್ನೂ ಕಡಿಮೆ. ಅಡುಗೆ ಮಾಡುವವರೇ ಇಲ್ಲದ ಮೇಲೆ ಮಡಕೆ ಒಡೆಯುವವರು ಯಾರು? ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಬಯಲಲ್ಲಿ ಗುಡಿಸಲು ಹಾಕಿಕೊಂಡ ಕಥೆ ನಮ್ಮಜ್ಜಿ ಹೇಳುತ್ತಿದ್ದದ್ದು ನೆನಪಾಯಿತು.

ಆದ್ದರಿಂದ ಆ ಕಾಲದ ಪದರದಲ್ಲಿ ಏನೂ ಸಿಗದ ಗುಂಡಿಯನ್ನೂ ಅಷ್ಟೇ ಜತನದಿಂದ ಬರೆದಿಡಬೇಕು. ನಿಮ್ಮ ಪಕ್ಕದ ಮನೆಯವರ ಪ್ಲಾಸ್ಟಿಕ್ ಸೈನಿಕ ಎಷ್ಟನೇ ಪದರದಲ್ಲಿದ್ದ, ಕೇಳಿದ್ದಿರಾ? ಆಳದಲ್ಲಿದ್ದರೆ ಆ ಮಣ್ಣು ಇತ್ತೀಚೆಗೆ ಯಾರೋ ಕದಡಿದ್ದಾರೆ ಎಂದರ್ಥ. ಅಲ್ಲಿಯವರೆಗಿನ ಹಳೇ ಚೂರುಗಳನ್ನು ನಂಬುವ ಹಾಗಿಲ್ಲ.

ಹಾಳೂರ ದಿಬ್ಬ:

ಸುಮಾ ಅಕ್ಕಾ, ನಾನು ತುಮಕೂರು ಜಿಲ್ಲೆಯ ಹಳ್ಳಿಯವನು. ನಮ್ಮೂರ ಪಕ್ಕ ಒಂದು ದಿಬ್ಬ ಇದೆ, ಹಾಳೂರು ಎನ್ನುತ್ತಾರೆ. ಮಳೆ ಬಂದರೆ ಬೋಕಿ ಚೂರು ಏಳುತ್ತವೆ. ನಾವು ನಾಲ್ಕು ಹುಡುಗರು ಸೇರಿ ಇದೇ ತರ ಒಂದು ಗುಂಡಿ ಹಾಕಬಹುದಾ?

ಮದ್ದೂರಿನ ಸುಮಾ:

ಬೇಡ ತಮ್ಮಾ, ಗುದ್ದಲಿ ಮುಟ್ಟಬೇಡಿ. ಅಲ್ಲಿನ ಕಾನೂನು ಬೇರೆ. 1958ರ ಕೇಂದ್ರ ಕಾಯ್ದೆ ಪ್ರಕಾರ ರಕ್ಷಿತ ಜಾಗವಲ್ಲದಿದ್ದರೂ ಪುರಾತತ್ವದ ಅಗೆತಕ್ಕೆ ರಾಜ್ಯ ಸರ್ಕಾರವೇ ಕೇಂದ್ರದ ಒಪ್ಪಿಗೆ ಪಡೆಯಬೇಕು. ಕರ್ನಾಟಕದ್ದೇ 1962ರ ನಿಧಿ ಕಾಯ್ದೆಯೂ ಇದೆ, ನೆಲದಲ್ಲಿ ನಿಧಿಯಂಥದ್ದು ಸಿಕ್ಕಿದರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಇದಕ್ಕಿಂತ ದೊಡ್ಡ ತೊಂದರೆ, ನಾಲ್ಕು ಹುಡುಗರು ರಾತ್ರಿ ಹಗಲು ದಿಬ್ಬ ಅಗೆದರೆ ಊರವರು ನಿಧಿಗಳ್ಳರು ಅಂದುಕೊಳ್ಳುತ್ತಾರೆ.

ಅಗೆಯದೆ ಮಾಡುವ ಕೆಲಸ ಬೇಕಾದಷ್ಟಿದೆ. ದಿಬ್ಬವನ್ನು ಹತ್ತು ಮೀಟರ್ ಚೌಕಗಳಾಗಿ ಗುರುತು ಮಾಡಿ, ಯಾವ ಚೌಕದಲ್ಲಿ ಎಷ್ಟು ಚೂರು, ಕಪ್ಪೋ ಕೆಂಪೋ, ಎಣಿಸಿ ಬರೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೋ ತೆಗೆಯಿರಿ, ಚೂರನ್ನು ಅಲ್ಲೇ ಬಿಡಿ. ಹೊಲಗಳ ಹೆಸರು ಮುದುಕರನ್ನು ಕೇಳಿ ಬರೆದುಕೊಳ್ಳಿ. ವೀರಗಲ್ಲು, ಶಾಸನ ಇದ್ದರೆ ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕು ತೆಗೆದು ನೋಡಿ, ಊರೂರಿನ ಲೆಕ್ಕ ಇದೆ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ, ಅದನ್ನೂ ನೋಡಿ. ಎಲ್ಲ ಸೇರಿಸಿ ಪುರಾತತ್ವ ಇಲಾಖೆಗೆ ಕೊಟ್ಟರೆ ಅವರು ಬಂದು ನೋಡಲು ಒಂದು ಕಾರಣ ಆಗುತ್ತದೆ.

ಹೊಸಮನೆಯವ:

ಒಪ್ಪಿಕೊಂಡೆ. ಮನೆಯವಳಿಗೆ ಈಗ ಬೇರೆ ಚಿಂತೆ, ಬಂದವರಿಗೆ ಏನು ಮಾಡಿಕೊಡುವುದು ಅಂತ.

ಮದ್ದೂರಿನ ಸುಮಾ:

ಚಿತ್ರಾನ್ನ ಮಾಡಿ. ಕೈ ತುಂಬ ಮಣ್ಣಿರುತ್ತದೆ, ಚಮಚ ಜಾಸ್ತಿ ಇಡಿ. ಹಳೇ ಹಲ್ಲುಜ್ಜುವ ಬ್ರಷ್ ಇದ್ದರೆ ಎಸೆಯಬೇಡಿ, ಚೂರು ತೊಳೆಯಲು ಬೇಕಾಗುತ್ತದೆ.